ಥ್ಯಾಂಕ್ಸ್‌ಗಿವಿಂಗ್‌ಗೆ ಬಡಿಸಲು ಹೋಗುವ ಹೊಸಬರಿಗೆ

ಪ್ರತಿ ವರ್ಷ ನವೆಂಬರ್ ಬಂತೆಂದರೆ ಹೊಸದಾಗಿ ಅಮೆರಿಕದ ಸ್ಯಾನ್ ಹೋಸೆಗೆ ಬಂದ ಹುಡುಗ ಹುಡುಗಿಯರು ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. "ಅಂಕಲ್, ಥ್ಯಾಂಕ್ಸ್‌ಗಿವಿಂಗ್‌ಗೆ ನಾಲ್ಕು ದಿನ ರಜೆ ಇದೆ. ಮನೆ ಇಲ್ಲದವರಿಗೆ ಊಟ ಬಡಿಸೋಕೆ ಎಲ್ಲಾದರೂ ಹೋಗಬಹುದಾ?" ಕೇಳಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಊರು ಬಿಟ್ಟು ಬಂದು ಇನ್ನೂ ಬಾಡಿಗೆ ಮನೆಗೆ ಮಂಚ ತಂದಿರುವುದಿಲ್ಲ, ಆಗಲೇ ಇನ್ನೊಬ್ಬರ ಹೊಟ್ಟೆಯ ಯೋಚನೆ. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುವ ಬದಲು, ಇಷ್ಟು ವರ್ಷ ಸೌಟು ಹಿಡಿದು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೌಂಟನ್ ವ್ಯೂ, ಪಾಲೋ ಆಲ್ಟೋ ಕಡೆ ಓಡಾಡಿದರೆ ರಸ್ತೆ ಪಕ್ಕದಲ್ಲಿ ಸಾಲಾಗಿ ನಿಂತ, ಒಳಗೇ ಮಲಗಲು ಜಾಗವಿರುವ ಹಳೇ ಆರ್‌ವಿ ಗಾಡಿಗಳನ್ನು ನೀವು ನೋಡಿಯೇ ಇರುತ್ತೀರಿ. ಕಿಟಕಿಗೆ ಬೆಡ್‌ಶೀಟ್ ಕಟ್ಟಿರುತ್ತಾರೆ. ಅವು ಪ್ರವಾಸಕ್ಕೆ ಬಂದ ಗಾಡಿಗಳಲ್ಲ, ಅವೇ ಮನೆ. ಅದರಲ್ಲಿ ಮಲಗಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರೂ ಇದ್ದಾರೆ. ಈ ಸಿಲಿಕಾನ್ ಕಣಿವೆಯ ಬಾಡಿಗೆ ಎಷ್ಟೆಂದು ನಿಮಗೆ ಗೊತ್ತು. ಎರಡು ತಿಂಗಳ ಸಂಬಳ ತಪ್ಪಿದರೆ ಸಾಕು, ಗಾಡಿಗೆ ಬಂದುಬಿಡುತ್ತಾರೆ. ಗಾಡಿಯೂ ಹೋದರೆ ರಸ್ತೆ. ಇಡೀ ದೇಶದಲ್ಲಿ ಜನವರಿ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿ ಇಂಥವರ ಲೆಕ್ಕ ತೆಗೆಯುತ್ತಾರೆ. 2024ರ ಲೆಕ್ಕದಲ್ಲಿ 7,71,480 ಜನ ಸಿಕ್ಕರು. ಕುಡಿತ, ಡ್ರಗ್ಸ್, ಸೋಮಾರಿತನ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಸಿಗುತ್ತಾರೆ. ನಂಬಬೇಡಿ. ಒಂದು ಸಂಜೆ ಅವರ ಎದುರು ನಿಂತು ಬಡಿಸಿ, ಆಮೇಲೆ ನೀವೇ ಹೇಳಿ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ನಮಗೆ ಹೊಸದೇನಲ್ಲ. ನವೆಂಬರ್ ನಾಲ್ಕನೇ ಗುರುವಾರ ಬರುತ್ತದೆ. 1863ರಲ್ಲಿ, ಒಳಯುದ್ಧದ ನಡುವೆಯೇ, ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಘೋಷಿಸಿದರು. ಮೂಲದಲ್ಲಿ ಇದು ಫಸಲು ಕೈಗೆ ಬಂದಾಗ ದೇವರನ್ನು ನೆನೆಯುವ ಹಬ್ಬ. ಕೊಡಗಿನವರಾದರೆ ಹುತ್ತರಿಯಲ್ಲಿ ಕದಿರು ತೆಗೆಯುವುದನ್ನು ನೆನಪಿಸಿಕೊಳ್ಳಿ. ಮಂಗಳೂರಿನ ಕ್ರೈಸ್ತರಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಚರ್ಚಿನಲ್ಲಿ ತೆನೆ ಪಡೆದು, ಮನೆಯಲ್ಲಿ ಹೊಸ ಅಕ್ಕಿ ಊಟ ಮಾಡಿದವರು. ಅದೇ ಭಾವ ಇದು.

ಈ ಸಮಯದಲ್ಲಿ ಅಂಗಡಿ ಬಾಗಿಲಲ್ಲಿ ಕೆಂಪು ಕೊಳಗ ನೇತುಹಾಕಿ ಗಂಟೆ ಬಾರಿಸುತ್ತಾ ನಿಂತವರನ್ನು ಕಾಣುತ್ತೀರಿ. ಅವರು ಸಾಲ್ವೇಷನ್ ಆರ್ಮಿಯವರು. ಹೆಸರಿನಲ್ಲಿ ಆರ್ಮಿ ಇದ್ದರೂ ಅದು ಕ್ರೈಸ್ತ ಸಂಸ್ಥೆ, 1865ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ವಿಲಿಯಂ ಬೂತ್ ಶುರು ಮಾಡಿದ್ದು. ಆದರೆ ಆ ಕೊಳಗ ಹುಟ್ಟಿದ್ದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. 1891ರಲ್ಲಿ ಜೋಸೆಫ್ ಮೆಕ್‌ಫೀ ಎಂಬ ಕ್ಯಾಪ್ಟನ್‌ಗೆ ಕ್ರಿಸ್‌ಮಸ್ ದಿನ ಸಾವಿರ ಬಡವರಿಗೆ ಊಟ ಹಾಕುವ ಆಸೆ. ಕೈಯಲ್ಲಿ ಕಾಸಿಲ್ಲ. ಹಿಂದೆ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ ಲಿವರ್‌ಪೂಲ್ ಬಂದರಿನಲ್ಲಿ ಜನ ಒಂದು ದೊಡ್ಡ ಪಾತ್ರೆಗೆ ಚಿಲ್ಲರೆ ಹಾಕಿ ಹೋಗುವುದನ್ನು ನೋಡಿದ್ದರು. ಅದು ನೆನಪಾಗಿ, ಏಡಿ ಬೇಯಿಸುವ ಪಾತ್ರೆಯೊಂದನ್ನು ಮಾರ್ಕೆಟ್ ಸ್ಟ್ರೀಟ್ ಕೊನೆಯಲ್ಲಿ, ಓಕ್‌ಲ್ಯಾಂಡ್ ದೋಣಿ ಹತ್ತುವ ಜಾಗದಲ್ಲಿ ಇಟ್ಟರು. ದೋಣಿ ಹತ್ತುವವರು, ಇಳಿಯುವವರು ಕಾಸು ಹಾಕಿದರು. ಊಟ ನಡೆಯಿತು. ಮುಂದಿನ ಸಲ ಅಲ್ಲೇ ಇರುವ ಫೆರ್ರಿ ಬಿಲ್ಡಿಂಗ್ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಇದನ್ನು ಜ್ಞಾಪಿಸಿಕೊಳ್ಳಿ.

ಅಲ್ಲಿಂದ ಬಾರ್ಟ್ ರೈಲಿನಲ್ಲಿ ಮೂರು ಸ್ಟಾಪ್ ಮುಂದೆ ಸಿವಿಕ್ ಸೆಂಟರ್. ಪಕ್ಕದಲ್ಲೇ ಬೀದಿಯಲ್ಲಿ ಮಲಗುವವರು ಹೆಚ್ಚಾಗಿರುವ ಟೆಂಡರ್‌ಲಾಯ್ನ್ ಕೇರಿ. ಮೊದಲ ಸಲ ಹೋದವರಿಗೆ ಆ ಬೀದಿ ನೋಡಿ ಎದೆ ಧಸಕ್ಕೆನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಇಬ್ಬರು ಮೂವರು ಸೇರಿ ಹೋಗಿ, ಫೋನ್ ಜೇಬಿನಲ್ಲಿರಲಿ, ಸುಮ್ನೆ ನಡೆದುಕೊಂಡು ಹೋಗಿ. ಫೋಟೋ ತೆಗೆಯಲೇಬೇಡಿ. ಗೋಲ್ಡನ್ ಗೇಟ್ ಅವೆನ್ಯೂ, ಜೋನ್ಸ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಸೇಂಟ್ ಆಂಟನೀಸ್ ಎಂಬ ಊಟದ ಮನೆ ಇದೆ. ಫ್ರಾನ್ಸಿಸ್ಕನ್ ಪಾದ್ರಿ ಆಲ್ಫ್ರೆಡ್ ಬೊಡೆಕರ್ 1950ರ ಅಕ್ಟೋಬರ್ 4ರಂದು, ಸಂತ ಫ್ರಾನ್ಸಿಸರ ಹಬ್ಬದ ದಿನ, ಅದನ್ನು ತೆರೆದರು. ಇವತ್ತಿಗೂ ವರ್ಷದ ಎಲ್ಲಾ ದಿನ ಊಟ ಹಾಕುತ್ತಾರೆ. ಅಲ್ಲಿ ಉಣ್ಣಲು ಬಂದವರನ್ನು ಗೆಸ್ಟ್ ಅನ್ನುತ್ತಾರೆ. ಬೇರೆ ಮಾತೇ ಇಲ್ಲ, ಗೆಸ್ಟ್. ನಾನು ತುಮಕೂರಿನವನು, ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಬೆಳೆದವನು. ಅಲ್ಲಿ ಯಾರನ್ನೂ ನೀನು ಯಾರು, ಯಾವ ಜಾತಿ ಅಂತ ಕೇಳುತ್ತಿರಲಿಲ್ಲ. ಜೋನ್ಸ್ ಸ್ಟ್ರೀಟ್‌ನಲ್ಲಿ ಆ ಒಂದು ಪದ ಕೇಳಿದಾಗ ನನಗೆ ಗಂಟಲು ಕಟ್ಟಿತು. ಅಲ್ಲಿಂದ ನಾಲ್ಕೈದು ಬ್ಲಾಕ್ ದೂರದಲ್ಲಿ ಗ್ಲೈಡ್ ಇದೆ. ಮೆಥಡಿಸ್ಟ್ ಚರ್ಚ್ ಆಗಿ ಶುರುವಾದದ್ದು. 1963ರಲ್ಲಿ ಬಂದ ಪಾದ್ರಿ ಸೆಸಿಲ್ ವಿಲಿಯಮ್ಸ್ ಅದರ ಬಾಗಿಲನ್ನು ಬೀದಿಯವರಿಗೆ ತೆರೆದರು.

ಸ್ಯಾನ್ ಹೋಸೆಯಲ್ಲೇ ಇರುವವರಿಗೆ ಅಷ್ಟು ದೂರ ಬೇಕಿಲ್ಲ. ಸೌತ್ ಫಸ್ಟ್ ಸ್ಟ್ರೀಟ್‌ನ ಸೇಕ್ರೆಡ್ ಹಾರ್ಟ್ ಕಮ್ಯುನಿಟಿ ಸರ್ವಿಸ್ ಇದೆ. 1964ರಲ್ಲಿ ಲೂಯಿಸ್ ಬೆನ್ಸನ್ ಎಂಬ ಹೆಣ್ಣುಮಗಳು ಅಕ್ಕಪಕ್ಕದ ಬಡವರಿಗೆ ಆಹಾರ ಹಂಚಲು ಶುರು ಮಾಡಿದ ಕೆಲಸ ಇಷ್ಟು ದೊಡ್ಡದಾಗಿದೆ. ಥ್ಯಾಂಕ್ಸ್‌ಗಿವಿಂಗ್ ಮುಂಚೆ ಟರ್ಕಿ, ತರಕಾರಿ ಇರುವ ಪೆಟ್ಟಿಗೆಗಳನ್ನು ಕುಟುಂಬಗಳಿಗೆ ಕೊಡುತ್ತಾರೆ. ಪೆಟ್ಟಿಗೆ ತುಂಬಲು, ಎತ್ತಲು ಕೈಗಳು ಬೇಕೇ ಬೇಕು. ಊಟ ಹಾಕುವ ಇನ್ನೊಂದು ಕ್ರೈಸ್ತ ಸಂಸ್ಥೆ ಸಿಟಿಟೀಮ್ ಇದೆ. ಇವಲ್ಲದೆ ನಿಮ್ಮ ಅಪಾರ್ಟ್‌ಮೆಂಟ್ ಹತ್ತಿರದ ಚರ್ಚನ್ನೂ ಕೇಳಿ ನೋಡಿ. ಚಳಿಗಾಲದಲ್ಲಿ ಹಲವು ಚರ್ಚುಗಳು ತಮ್ಮ ಹಾಲನ್ನು ಸರದಿ ಪ್ರಕಾರ ರಾತ್ರಿ ಮಲಗಲು ಬಿಟ್ಟುಕೊಡುತ್ತವೆ.

ಇನ್ನು ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ. "ಚರ್ಚ್ ಅಲ್ವಾ, ಮತ ಬದಲಾಯಿಸು ಅಂತ ಹೇಳ್ತಾರಾ?" ನನಗೆ ಯಾರೂ ಹೇಳಿಲ್ಲ. ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ ಹೋಗಿದ್ದೇನೆ. ಬಡಿಸುವ ಮುಂಚೆ ಎಲ್ಲರೂ ಕೈ ಹಿಡಿದು ಎರಡು ನಿಮಿಷ ಪ್ರಾರ್ಥನೆ ಮಾಡುವುದುಂಟು. ಆಗ ಸುಮ್ಮನೆ ತಲೆ ಬಾಗಿಸಿ ನಿಂತರೆ ಸಾಕು. ಕೆಲವು ಮಿಷನ್‌ಗಳಲ್ಲಿ ಊಟಕ್ಕೆ ಮುಂಚೆ ಬೈಬಲ್ ಪಾಠವೂ ಇರುತ್ತದೆ. ನಿಮಗೆ ಅದು ಹೊಂದದಿದ್ದರೆ ಅದಿಲ್ಲದ ಜಾಗ ಆರಿಸಿಕೊಳ್ಳಿ, ಬೇಕಾದಷ್ಟಿವೆ. ಸರ್ಕಾರದಿಂದ ಬರುವ ದವಸಧಾನ್ಯ ಹಂಚುವ ಕಡೆ, ಪ್ರಾರ್ಥನೆಗೆ ಕೂತರೆ ಮಾತ್ರ ಊಟ ಅಂತ ಯಾರೂ ಹೇಳುವಂತಿಲ್ಲ, ನಿಯಮವೇ ಇದೆ. ಆದರೆ ಒಂದು ಮಾತು. ಈ ಜನ ಯಾಕೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆಲೂಗಡ್ಡೆ ಸುಲಿಯುತ್ತಾರೆ ಅಂತ ತಿಳಿಯಬೇಕಾದರೆ ಅವರ ನಂಬಿಕೆಯನ್ನು ಗೌರವದಿಂದ ನೋಡಬೇಕು. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಹಸಿದವನಿಗೆ ಕೊಟ್ಟ ಊಟ ತನಗೇ ಕೊಟ್ಟಂತೆ ಎಂದು ಯೇಸು ಹೇಳುತ್ತಾರೆ. ಅವರು ಆ ಮಾತನ್ನು ಹಾಗೇ ನಂಬಿದವರು. ಬಂದವನಲ್ಲಿ ದೇವರನ್ನು ಕಾಣುವುದು ನಮಗೆ ಅರ್ಥವಾಗದ ಸಂಗತಿಯೇನಲ್ಲ.

ಈಗ ಮುಖ್ಯವಾದ ವಿಷಯ. ಥ್ಯಾಂಕ್ಸ್‌ಗಿವಿಂಗ್ ದಿನವೇ ಹೋಗಬೇಕು ಅಂತ ಹಟ ಮಾಡಬೇಡಿ. ಆ ಗುರುವಾರಕ್ಕೆ ಹೆಸರು ಕೊಡುವವರು ಎಷ್ಟು ಜಾಸ್ತಿ ಅಂದರೆ, ವಾರಗಳ ಮೊದಲೇ ಜಾಗ ತುಂಬಿರುತ್ತದೆ. ಒಂದು ಸಲ ನಾನೂ ಮನೆಯವರೂ ಹೋದಾಗ ಒಂದು ಸೌಟಿಗೆ ಮೂವರು ನಿಂತಿದ್ದೆವು. ಅದೇ ಅಡುಗೆಮನೆಗೆ ಜನವರಿಯ ಒಂದು ಮಂಗಳವಾರ ಹೋದೆ. ಮಳೆ ಸುರಿಯುತ್ತಿತ್ತು. ನೂರು ಜನರ ಊಟಕ್ಕೆ ನಾವು ಇದ್ದದ್ದು ನಾಲ್ವರು. ಹೊರಗೆ ಸಾಲು ಮಾತ್ರ ನವೆಂಬರಿನಷ್ಟೇ ಉದ್ದ. ಹಾಗಾಗಿ ಹಬ್ಬದ ಹಿಂದಿನ ವಾರ ಪೆಟ್ಟಿಗೆ ತುಂಬಲು ಹೋಗಿ. ಹಬ್ಬದ ಮಾರನೇ ದಿನ, ಎಲ್ಲರೂ ಸೇಲ್‌ಗೆ ಓಡಿದಾಗ, ಪಾತ್ರೆ ತೊಳೆಯಲು ಹೋಗಿ. ಜನವರಿ, ಫೆಬ್ರವರಿಯಲ್ಲಿ ಹೋಗಿ. ಒಂದು ದಿನ ಹತ್ತು ಗಂಟೆಗಿಂತ ತಿಂಗಳಿಗೆ ಎರಡು ಗಂಟೆ ಅವರಿಗೆ ಜಾಸ್ತಿ ಉಪಯೋಗ.

ಮನೆಯಲ್ಲಿ ಮಾಡಿದ ಅಡುಗೆ ತಗೊಂಡು ಹೋಗಬೇಡಿ. ನಾನು ಮೊದಲ ವರ್ಷ ನಲವತ್ತು ಪೊಟ್ಟಣ ಪುಳಿಯೋಗರೆ ಕಟ್ಟಿಸಿಕೊಂಡು ಹೋಗಿದ್ದೆ. ಹೆಂಡತಿ ಬೆಳಗಿನ ಜಾವ ಎದ್ದು ಒಗ್ಗರಣೆ ಹಾಕಿದ್ದಳು. ಬಾಗಿಲಲ್ಲೇ ವಾಪಸ್ ಕಳಿಸಿದರು. ಬಹಳ ನೋವಾಯಿತು. ಆಮೇಲೆ ಗೊತ್ತಾಯಿತು, ಕೌಂಟಿ ಆರೋಗ್ಯ ಇಲಾಖೆಯ ನಿಯಮ ಹಾಗಿದೆ, ಒಪ್ಪಿಗೆ ಪಡೆದ ಅಡುಗೆಮನೆಯಲ್ಲೇ ಮಾಡಿರಬೇಕು. ಒಳಗೆ ಮೆಣಸಿನಕಾಯಿ, ಕಡಲೆಕಾಯಿ ತಡೆಯದವರೂ ಇರುತ್ತಾರೆ. ಸೀಲ್ ಒಡೆಯದ ಅಕ್ಕಿ, ಬೇಳೆ, ಡಬ್ಬಿ ಪದಾರ್ಥ ಆದರೆ ಸಂತೋಷದಿಂದ ತಗೊಳ್ಳುತ್ತಾರೆ. ಮಾಂಸ ಮುಟ್ಟದವರು ಮೊದಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಟರ್ಕಿ ಬಿಟ್ಟು ಆಲೂಗಡ್ಡೆ, ಬ್ರೆಡ್, ಕುಂಬಳದ ಪೈ, ಕಾಫಿ ಎಲ್ಲಾ ಇರುತ್ತದೆ. ಮುಂದೆ ಮುಚ್ಚಿದ ಶೂ ಹಾಕಿ, ಕೂದಲು ಕಟ್ಟಿ. ಮಕ್ಕಳನ್ನು ಕರೆದೊಯ್ಯುವುದಾದರೆ ವಯಸ್ಸಿನ ಮಿತಿ ಕೇಳಿಕೊಳ್ಳಿ.

ಬಡಿಸುವ ರೀತಿಯ ಬಗ್ಗೆ ಒಂದು ಘಟನೆ ಹೇಳಲೇಬೇಕು. ಅದೇ ಮಳೆಯ ಮಂಗಳವಾರ. ಊಟ ಮುಗಿಸಿ ಹೊರಡುವವರಿಗೆ ಒಂದೊಂದು ಸೇಬು ಕೊಡುವುದು ನನ್ನ ಕೆಲಸ. ಎಲ್ಲರ ಕೈಗೂ ಇಡುತ್ತಾ ಹೋದೆ. ವಯಸ್ಸಾದ ಒಬ್ಬಾಕೆ ಬಂದರು. ಹಸಿರು ರೇನ್‌ಕೋಟು, ಶೂ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಸೇಬನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು, ಮೂಸಿದರು, ಮೆಲ್ಲಗೆ ಮೇಜಿನ ಮೇಲೆ ವಾಪಸ್ ಇಟ್ಟರು. ನಾನು ತೊಗೊಳ್ಳಿ ತೊಗೊಳ್ಳಿ ಅಂದೆ. ಅವರು ಬೆರಳಿನಿಂದ ಮೇಲಿನ ತುಟಿ ಎತ್ತಿ ತೋರಿಸಿದರು. ಒಂದು ಹಲ್ಲೂ ಇರಲಿಲ್ಲ. "ಬಾಳೆಹಣ್ಣು ಇದೆಯಾ?" ಅಂತ ಕೇಳಿದರು. ಇರಲಿಲ್ಲ. ಅಡುಗೆಮನೆಯಲ್ಲಿದ್ದ ಫಿಲಿಪಿನೋ ಆಂಟಿಗೆ ಹೇಳಿದೆ. ಆಕೆ ಏನೂ ಮಾತಾಡದೆ ಸೇಬಿನ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ನೀರು ಸಕ್ಕರೆ ಹಾಕಿ ಬೇಯಿಸಿ, ಚೆಕ್ಕೆ ಪುಡಿ ಉದುರಿಸಿ ಬಟ್ಟಲಿಗೆ ಹಾಕಿಕೊಟ್ಟರು. ಹತ್ತು ನಿಮಿಷ ಹಿಡಿಯಿತು. ಆ ವಯಸ್ಸಾದಾಕೆ ಮತ್ತೆ ಕೂತು, ಚಮಚದಲ್ಲಿ ನಿಧಾನವಾಗಿ ತಿಂದರು. ಬಟ್ಟಲಿನ ತಳ ಕಾಣುವವರೆಗೆ.

ಬೀದಿಯಲ್ಲಿ ಬದುಕುವ ಎಷ್ಟೋ ಜನರಿಗೆ ಹಲ್ಲಿನ ತೊಂದರೆ ಇರುತ್ತದೆ. ನಾನು ಅದುವರೆಗೆ ಎಷ್ಟು ಜನರ ಕೈಗೆ ತಿನ್ನಲಾಗದ ಸೇಬು ಇಟ್ಟಿದ್ದೆನೋ. ನಮ್ಮೂರ ಪಂಕ್ತಿಯಲ್ಲಿ ಬಡಿಸುವವರು ಎಲೆ ನೋಡಿ, ಮುಖ ನೋಡಿ, "ಅನ್ನ ಹಾಕಲಾ? ಸಾರು ಸಾಕಾ? ಇನ್ನೊಂಚೂರು?" ಅಂತ ಕೇಳುತ್ತಾರಲ್ಲ, ಅಷ್ಟು ಮಾಡಿ. ಕೇಳಿ, ಆಮೇಲೆ ಬಡಿಸಿ. ಮುಖ ನೋಡಿ ಮಾತಾಡಿ. ಬೇಡ ಅಂದರೆ ಬೇಡ. ಕಾರಿನಲ್ಲಿ ಇಟ್ಟುಕೊಂಡು ದಾರಿಯಲ್ಲಿ ಕೊಡಲು ಚೀಲ ಕಟ್ಟುವವರು ಗಟ್ಟಿ ಚಿಕ್ಕಿ, ಬಾದಾಮಿ ಬಿಟ್ಟು ಮೆತ್ತಗಿನದನ್ನು ಹಾಕಿ. ಹೊಸ ಕಾಲುಚೀಲ ಹಾಕಿ, ಅದನ್ನು ಕೇಳದವರೇ ಇಲ್ಲ. ಒದ್ದೆ ಕಾಲುಚೀಲದಲ್ಲಿ ವಾರಗಟ್ಟಲೆ ನಡೆದರೆ ಕಾಲು ಕೊಳೆಯುತ್ತದೆ. ಹೆಂಗಸರಿಗೆ ಸ್ಯಾನಿಟರಿ ಪ್ಯಾಡ್ ಹಾಕಿ. ಯಾರಿಗಾದರೂ ಮಲಗುವ ಜಾಗ ಬೇಕೆಂದಾದರೆ ಸಹಾಯವಾಣಿ 211ಕ್ಕೆ ಫೋನ್ ಮಾಡಿಕೊಡಿ.

ವೀಸಾ ಬಗ್ಗೆ ಹೆದರಿಕೆ ಬೇಡ. ಲಾಭಕ್ಕಲ್ಲದ ಸಂಸ್ಥೆಯಲ್ಲಿ, ಸ್ವಯಂಸೇವಕರೇ ಮಾಡುವ ಕೆಲಸವನ್ನು, ಏನನ್ನೂ ಪಡೆಯದೆ ಮಾಡುವುದಕ್ಕೆ ಎಚ್-1ಬಿ, ಎಚ್-4, ಎಫ್-1 ಯಾರಿಗೂ ಅಡ್ಡಿಯಿಲ್ಲ. ಸಂಬಳ ಬೇಡ, ಗಿಫ್ಟ್ ಕಾರ್ಡೂ ಬೇಡ. ದುಡ್ಡು ಕೊಡುವವರು ಕಂಪನಿಯಲ್ಲಿ ಮ್ಯಾಚಿಂಗ್, ಅಂದರೆ ನೀವು ಕೊಟ್ಟಷ್ಟೇ ಕಂಪನಿಯೂ ಸೇರಿಸುವ ಪದ್ಧತಿ, ಇದೆಯಾ ನೋಡಿ, ಇದ್ದರೆ ನಿಮ್ಮ ನೂರು ಡಾಲರ್ ಇನ್ನೂರಾಗುತ್ತದೆ. ಒಂದೇ ಸಲಕ್ಕೆ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಟ್ಯಾಕ್ಸ್‌ಗಾಗಿ ರಸೀದಿ ಪತ್ರ ತೆಗೆದಿಟ್ಟುಕೊಳ್ಳಿ.

ಜನವರಿಯ ಎರಡನೇ ಶನಿವಾರ ನಾವು ಒಂದಷ್ಟು ಕನ್ನಡದವರು ಹೋಗುತ್ತೇವೆ. ಬೆಳಿಗ್ಗೆ ಆರೂವರೆಗೆ ಹೊರಡುವುದು. ನನ್ನ ಕಾರಿನಲ್ಲಿ ಮೂರು ಸೀಟು ಖಾಲಿ ಇದೆ. ದಾರಿಯಲ್ಲಿ ಬಾಳೆಹಣ್ಣು ತಗೊಳ್ಳಬೇಕು, ಎರಡು ಪೆಟ್ಟಿಗೆ. ಎತ್ತಲು ಯಾರಾದರೂ ಬನ್ನಿ.