ಮ್ಯೂಸಿಕ್ ಪ್ಲೇಯರ್‌ಗೆ ನಿಮ್ಮದೇ ಔಟ್‌ಪುಟ್ ಪ್ಲಗಿನ್ ಬರೆಯಿರಿ

3 ನಿಮಿಷದ ಹಾಡು ಮುಗಿಯಲು 12 ನಿಮಿಷ ಬೇಕಾಯಿತು. ಒಂದೊಂದು ತುಣುಕೂ ನಾಲ್ಕು ನಾಲ್ಕು ಸಲ. ಬೆಳಗಾವಿಯ ತಿಲಕವಾಡಿಯಲ್ಲಿ, ನಮ್ಮ ಮನೆ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ನಾನು ಬರೆದ ಮೊದಲ ಔಟ್‌ಪುಟ್ ಪ್ಲಗಿನ್ ಹಾಡಿದ್ದು ಹೀಗೆ. ಎಂಜಿನಿಯರಿಂಗ್ ಓದುವ ಅಣ್ಣನ ಮಗ ಬಾಗಿಲಲ್ಲಿ ನಿಂತು, "ಕಾಕಾ, ಹಾಡು ತೊದಲಾಕತ್ತೈತಿ ನೋಡ್ರಿ" ಎಂದ. ತಪ್ಪು ಒಂದೇ ಸಾಲಿನಲ್ಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಕಂಪ್ಯೂಟರಿನ ಪ್ಲೇಯರ್ ಒಳಗೆ ಎರಡು ಕೆಲಸ ನಡೆಯುತ್ತವೆ. ಎಂಪಿ3 ಫೈಲನ್ನು ಬಿಚ್ಚಿ ಸದ್ದಿನ ಅಂಕಿಗಳಾಗಿ ಮಾಡುವುದು ಒಂದು. ಆ ಅಂಕಿಗಳನ್ನು ಸೌಂಡ್ ಕಾರ್ಡಿಗೆ ಮುಟ್ಟಿಸುವುದು ಇನ್ನೊಂದು. ಎರಡನೆಯದನ್ನು ಮಾಡುವ, ಪ್ಲೇಯರ್‌ಗೆ ಹೊರಗಿನಿಂದ ಜೋಡಿಸುವ ಪುಟ್ಟ ಪ್ರೋಗ್ರಾಮೇ ಔಟ್‌ಪುಟ್ ಪ್ಲಗಿನ್. ಕಲಿಯಲು ನಾನು ಹೇಳುವುದು ಆಡೇಶಿಯಸ್ ಪ್ಲೇಯರ್. ಉಚಿತ, ಸೋರ್ಸ್ ಕೋಡ್ ಪೂರ್ತಿ ಸಿಗುತ್ತದೆ, ಪ್ಲಗಿನ್‌ಗಳು ಸಿ ಪ್ಲಸ್ ಪ್ಲಸ್‌ನಲ್ಲಿವೆ. ಲಿನಕ್ಸ್‌ನಲ್ಲಿ ಅದರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಳ್ಳಿ. ಪ್ಲಗಿನ್‌ಗಳ ಸೋರ್ಸನ್ನೂ ಇಳಿಸಿಕೊಳ್ಳಿ. ಅದರಲ್ಲಿ 'ಎಸ್‌ಡಿಎಲ್ ಔಟ್' ಎಂಬ ಫೋಲ್ಡರ್ ಇದೆ. ಎಸ್‌ಡಿಎಲ್ ಎಂಬ ಲೈಬ್ರರಿಯ ಮೂಲಕ ಸದ್ದು ಹೊರಡಿಸುವ ಪ್ಲಗಿನ್ ಅದು. ಚಿಕ್ಕದು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಓದಿಯೇ ಮುಂದೆ ಹೋಗಿ.

ಮೊದಲ ಹೆಜ್ಜೆಯಲ್ಲಿ ಸದ್ದೇ ಬೇಡ. ಬಂದ ಅಂಕಿಗಳನ್ನೆಲ್ಲ ಸುಮ್ನೆ ಒಂದು ಫೈಲಿಗೆ ಬರೆಯುವ ಪ್ಲಗಿನ್ ಮಾಡಿ. 'ಔಟ್‌ಪುಟ್ ಪ್ಲಗಿನ್' ಎಂಬ ಕ್ಲಾಸಿನಿಂದ ನಿಮ್ಮ ಕ್ಲಾಸ್ ಹುಟ್ಟಬೇಕು. ಅದರ 'ಓಪನ್ ಆಡಿಯೋ' ಎಂಬ ಫಂಕ್ಷನ್‌ನಲ್ಲಿ ಫೈಲ್ ತೆರೆಯಿರಿ, 'ರೈಟ್ ಆಡಿಯೋ'ದಲ್ಲಿ ಬರೆದು ಎಷ್ಟು ಬೈಟ್ ಬರೆದಿರಿ ಎಂದು ತಿರುಗಿ ಹೇಳಿ, 'ಕ್ಲೋಸ್ ಆಡಿಯೋ'ದಲ್ಲಿ ಮುಚ್ಚಿ. ವಾಲ್ಯೂಮ್ ಕೇಳಿದರೆ 100 ಅಂತ ಹೇಳಿಬಿಡಿ. ಉಳಿದವು ಸದ್ಯಕ್ಕೆ ಖಾಲಿ ಇರಲಿ. ಕಂಪೈಲ್ ಆದ ಫೈಲನ್ನು ಆಡೇಶಿಯಸ್‌ನ ಪ್ಲಗಿನ್ ಜಾಗದ 'ಔಟ್‌ಪುಟ್' ಫೋಲ್ಡರಿಗೆ ಹಾಕಿ, ಪ್ಲೇಯರ್ ಮತ್ತೆ ತೆರೆದು, ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿ. ಬಿಟ್ ಡೆಪ್ತ್ (ಒಂದೊಂದು ಅಂಕಿಗೆ ಎಷ್ಟು ಬಿಟ್ ಎಂಬುದು) 16 ಮಾಡಿಕೊಳ್ಳಿ. ಬೇರೆ ಫಾರ್ಮ್ಯಾಟ್ ಬಂದರೆ 'ಓಪನ್ ಆಡಿಯೋ'ದಲ್ಲೇ ಆಗಲ್ಲ ಎಂದು ವಾಪಸ್ ಕಳಿಸಿ.

ಈಗ ಪ್ಲೇ ಒತ್ತಿ. ಹಾಡು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಮುಂದಿನದು ಶುರು! ಇಡೀ ಪ್ಲೇಲಿಸ್ಟ್ ಹೀಗೇ ಓಡಿಹೋಗುತ್ತದೆ. ಇದು ತಪ್ಪಲ್ಲ. ಪ್ಲೇಯರ್‌ಗೆ ತನ್ನದೇ ಗಡಿಯಾರ ಇಲ್ಲ ಅನ್ನುವುದು ನನಗೆ ಹೊಳೆದದ್ದು ಇಲ್ಲೇ. ನಮ್ಮ ಪ್ಲಗಿನ್ ಎಷ್ಟು ಬೇಗ ತೆಗೆದುಕೊಳ್ಳುತ್ತದೋ ಅಷ್ಟು ಬೇಗ ಅದು ಕೊಡುತ್ತಾ ಹೋಗುತ್ತದೆ. ಫೈಲಿನ ಗಾತ್ರ ನೋಡಿ. ಸಿಡಿ ಗುಣಮಟ್ಟದ ಸ್ಟೀರಿಯೋ ಹಾಡಾದರೆ ಸೆಕೆಂಡಿಗೆ 44,100 ಫ್ರೇಮ್ (ಎಡದ್ದೊಂದು, ಬಲದ್ದೊಂದು ಅಂಕಿ ಸೇರಿ ಒಂದು ಫ್ರೇಮ್), ಫ್ರೇಮಿಗೆ 4 ಬೈಟ್, ಅಂದರೆ 1,76,400 ಬೈಟ್. ಒಂದು ನಿಮಿಷಕ್ಕೆ 1,05,84,000. ಈ ಲೆಕ್ಕ ಸರಿ ಬಂದರೆ ಮೊದಲ ಹೆಜ್ಜೆ ಗೆದ್ದಂತೆ.

ಎರಡನೇ ಹೆಜ್ಜೆಯಲ್ಲಿ ಸೌಂಡ್ ಕಾರ್ಡ್ ಬರುತ್ತದೆ. ನಮ್ಮ ಕಡೆ ಮನೆಗಳಲ್ಲಿ ಬಿಸಿ ರೊಟ್ಟಿ ಊಟ ನೋಡಿದ್ದೀರಲ್ವಾ? ಒಲೆ ಮುಂದೆ ಅವ್ವ ಬಡಿದು ಬುಟ್ಟಿಗೆ ಹಾಕುತ್ತಾ ಹೋಗುತ್ತಾಳೆ, ಕೂತವರು ಉಣ್ಣುತ್ತಾರೆ. ಬುಟ್ಟಿ ಖಾಲಿಯಾದರೆ ಕೈ ತಟ್ಟೆಯಲ್ಲೇ ಉಳಿಯುತ್ತದೆ. ಜಾಸ್ತಿ ತುಂಬಿದರೆ ಆರಿದ ರೊಟ್ಟಿ ತಿನ್ನಬೇಕು. ಆ ಬುಟ್ಟಿಯೇ ಬಫರ್. ಸೌಂಡ್ ಕಾರ್ಡ್ ಮಾತ್ರ ಒಂದೇ ವೇಗದಲ್ಲಿ ಉಣ್ಣುವ ಅತಿಥಿ. ಬುಟ್ಟಿ ಖಾಲಿ ಇದ್ದರೂ ಕಾಯುವುದಿಲ್ಲ.

ಎಸ್‌ಡಿಎಲ್‌ನಲ್ಲಿ ಕಾರ್ಡ್ ತಾನಾಗಿಯೇ ಕೇಳುತ್ತದೆ. ಬೇರೆ ಥ್ರೆಡ್‌ನಿಂದ, ಅಂದರೆ ಪ್ರೋಗ್ರಾಮಿನಲ್ಲಿ ಜೊತೆಜೊತೆಗೇ ಓಡುವ ಇನ್ನೊಂದು ಎಳೆಯಿಂದ, ನೀವು ಮೊದಲೇ ಒಪ್ಪಿಸಿಟ್ಟ ಫಂಕ್ಷನ್ (ಕಾಲ್‌ಬ್ಯಾಕ್) ಕರೆದು "ಇಷ್ಟು ಬೈಟ್ ಕೊಡು" ಅನ್ನುತ್ತದೆ. ಬಫರಿನಲ್ಲಿ ಅಷ್ಟು ಇಲ್ಲದಿದ್ದರೆ ಉಳಿದ ಜಾಗಕ್ಕೆ ಸೊನ್ನೆ ತುಂಬಲೇಬೇಕು, ಇಲ್ಲವಾದರೆ ಗರಗರ ಸದ್ದು ಬರಬಹುದು. 'ರೈಟ್ ಆಡಿಯೋ' ಬಫರಿನಲ್ಲಿ ಜಾಗ ಇದ್ದಷ್ಟು ಮಾತ್ರ ತುಂಬಿ ಕೂಡಲೇ ತಿರುಗಬೇಕು. ಜಾಗ ಆಗುವವರೆಗೆ ಕಾಯುವ ಕೆಲಸ 'ಪೀರಿಯಡ್ ವೇಟ್'ನದು. ಎರಡು ಥ್ರೆಡ್‌ಗಳು ಒಂದೇ ಬಫರಿಗೆ ಕೈ ಹಾಕುವುದರಿಂದ, ಒಂದು ಮುಗಿಸುವವರೆಗೆ ಇನ್ನೊಂದನ್ನು ತಡೆಯುವ ಲಾಕ್ ಬೇಕೇ ಬೇಕು.

ನನ್ನ ತೊದಲು ಹಾಡಿನ ಕಥೆ ಈಗ ಹೇಳಬಹುದು. ನಾನು ಮೊದಲು ಬರೆದದ್ದು ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್ ನಡೆಸುವ ಆಲ್ಸಾ ಮೇಲೆ. ಆಲ್ಸಾ ಎಷ್ಟು ಬರೆದೆ ಎಂದು ಫ್ರೇಮ್‌ಗಳಲ್ಲಿ ಹೇಳುತ್ತದೆ. ಆಡೇಶಿಯಸ್ ಕೇಳುವುದು ಬೈಟ್‌ಗಳಲ್ಲಿ. 4,096 ಬೈಟ್ ಬರೆದು "1,024" ಎಂದು ವಾಪಸ್ ಕೊಟ್ಟೆ. ಪಾಪ ಪ್ಲೇಯರ್, ಉಳಿದ 3,072 ಇನ್ನೂ ಹೋಗಿಲ್ಲ ಎಂದು ನಂಬಿ ಮತ್ತೆ ಕಳಿಸಿತು. ಹೀಗೆ ಪ್ರತಿ ತುಣುಕೂ ನಾಲ್ಕು ಸಲ. 4ರಿಂದ ಗುಣಿಸಿದೆ, ಹಾಡು ನೆಟ್ಟಗಾಯಿತು.

ಹೊಸಬರು ಹೆಚ್ಚು ಎಡವುವುದು 'ಗೆಟ್ ಡಿಲೇ'ಯಲ್ಲಿ. ಕೊಟ್ಟದ್ದೆಲ್ಲ ಕಿವಿಗೆ ಬೀಳಲು ಇನ್ನೆಷ್ಟು ಮಿಲಿಸೆಕೆಂಡ್ ಬೇಕು ಎಂಬ ಅಂದಾಜು ಅದು. ಪರದೆ ಮೇಲಿನ ಸಮಯ ಓಡುವುದು ಇದರ ಮೇಲೆ. ಬಫರಿನಲ್ಲಿ 88,200 ಬೈಟ್ ಇದ್ದರೆ ಅರ್ಧ ಸೆಕೆಂಡ್, ಅಂದರೆ 500. ಇಲ್ಲಿ ಸೋಮಾರಿತನದಿಂದ 0 ಕೊಟ್ಟರೆ ಪರದೆ ಕಿವಿಗಿಂತ ಅರ್ಧ ಸೆಕೆಂಡ್ ಮುಂದೆ ಓಡುತ್ತದೆ. ಕಾರ್ಡ್ ಕೊನೆಯ ಸಲ ತೆಗೆದುಕೊಂಡ ತುಂಡನ್ನೂ ಸೇರಿಸಿ, ತೆಗೆದುಕೊಂಡ ಮೇಲೆ ಎಷ್ಟು ಹೊತ್ತಾಯಿತೋ ಅಷ್ಟನ್ನು ಲೆಕ್ಕದಿಂದ ಕಳೆಯಿರಿ. ಎಸ್‌ಡಿಎಲ್ ಔಟ್ ಹೀಗೇ ಮಾಡುತ್ತದೆ.

ಹಾಡನ್ನು ಮುಂದಕ್ಕೆ ಎಳೆದಾಗ 'ಫ್ಲಶ್' ಬರುತ್ತದೆ. ಬಫರ್ ಖಾಲಿ ಮಾಡಿದರೆ ಸಾಲದು, 'ಪೀರಿಯಡ್ ವೇಟ್'ನಲ್ಲಿ ಮಲಗಿದ ಥ್ರೆಡ್ಡನ್ನು ಎಬ್ಬಿಸಬೇಕು. ನಾನು ಎಬ್ಬಿಸುವುದನ್ನು ಮರೆತಿದ್ದೆ. ಹಾಡು ನಿಲ್ಲಿಸಿಟ್ಟು ಎಳೆದರೆ ಪ್ಲೇಯರ್ ಕಲ್ಲಾಗುತ್ತಿತ್ತು. ಕೊನೆಯಲ್ಲಿ ಬರುವ 'ಡ್ರೇನ್' ಇದಕ್ಕೆ ತದ್ವಿರುದ್ಧ: ಬುಟ್ಟಿಯಲ್ಲಿ ಉಳಿದದ್ದೆಲ್ಲ ಕೇಳಿಸುವವರೆಗೆ ಕಾಯುವುದು. ಬಿಟ್ಟರೆ ಗಾಯಕರ ಕೊನೆಯ 'ಸಾ' ಅರ್ಧಕ್ಕೇ ಕತ್ತರಿಸಿಹೋಗುತ್ತದೆ. 1924ರಲ್ಲಿ ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದರು. ಈ ಸೀಮೆಯ ಕೇಳುಗರು ಅಂಥದ್ದನ್ನು ಕ್ಷಮಿಸುವುದಿಲ್ಲ.

ಪರೀಕ್ಷೆಗೆ ಸಿನಿಮಾ ಹಾಡು ಬೇಡ. ತಬಲಾ ಪೆಟ್ಟಿನಲ್ಲಿ ಸಣ್ಣ 'ಟಕ್' ಅಡಗಿಬಿಡುತ್ತದೆ. ಬರೀ ತಂಬೂರಿಯ ಒಂದು ಗಂಟೆ ರೆಕಾರ್ಡಿಂಗ್ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಬೇರೆ ಕೆಲಸ ಮಾಡಿ. ಬ್ರೌಸರ್ ತೆರೆಯಿರಿ, ದೊಡ್ಡ ಜಿಪ್ ಫೈಲ್ ಬಿಚ್ಚಿ. ಎಲ್ಲಿ ಬಫರ್ ಖಾಲಿಯಾಯಿತೋ ಅಲ್ಲಿ ನಾದ ಮುರಿಯುತ್ತದೆ, ಕಿವಿಗೆ ಮುಳ್ಳು ಚುಚ್ಚಿದಂತೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 100 ಮಿಲಿಸೆಕೆಂಡ್ ಬಫರ್ ಬ್ರೌಸರ್ ತೆರೆದಾಗಲೆಲ್ಲ ಟಕ್ ಅನ್ನುತ್ತಿತ್ತು. 300ಕ್ಕೆ ಏರಿಸಿದ ಮೇಲೆ ನಿಂತಿತು.