ಮನೆ ಅಡುಗೆ ತಿಂದೇ ತೂಕ ಏರಿತು, ಊಟದ ಹೊತ್ತು ಬದಲಿಸಿ ಇಳಿಸಿದೆ

ಶಿಕಾಗೋ ಹತ್ತಿರದ ನೇಪರ್‌ವಿಲ್‌ಗೆ ಬಂದ ಮೇಲೆ ನನ್ನ ತೂಕ 68 ಕೆಜಿಯಿಂದ 79ಕ್ಕೆ ಹೋಯಿತು, ಅದೂ ಮನೆ ಅಡುಗೆ ತಿಂದೇ. ಪಿಜ್ಜಾ, ಬರ್ಗರ್ ನಮ್ಮಲ್ಲಿ ಅಪರೂಪ. ದಿನಾ ಅನ್ನ, ಹುಳಿ, ಪಲ್ಯ, ಮೊಸರು. ಆದರೆ ಅದನ್ನು ತಿನ್ನುವ ಹೊತ್ತು ಪೂರ್ತಿ ಬದಲಾಗಿತ್ತು. ಹೊರದೇಶಕ್ಕೆ ಬಂದ ನಮ್ಮವರು ಇದನ್ನು ಮೊದಲು ನೋಡಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿದ್ದಾಗ ಬೆಳಗ್ಗೆ ತಿಂಡಿ, ಮಧ್ಯಾಹ್ನ ಹೊಟ್ಟೆ ತುಂಬ ಊಟ, ರಾತ್ರಿ ಸ್ವಲ್ಪ. ಇಲ್ಲಿ ಬೆಳಗ್ಗೆ ಓಡುವ ಗಡಿಬಿಡಿಯಲ್ಲಿ ಕಾಫಿ, ಒಂದು ಬಾಳೆಹಣ್ಣು. 12 ಗಂಟೆಗೆ ಕಂಪ್ಯೂಟರ್ ಮುಂದೆಯೇ ತಣ್ಣನೆಯ ಸ್ಯಾಂಡ್‌ವಿಚ್, ಅದನ್ನು ತಿಂದರೆ ಊಟ ಮಾಡಿದ ಹಾಗೇ ಇರುವುದಿಲ್ಲ. ಐದೂವರೆಗೆ ಮನೆ ಸೇರಿದರೆ ಕೆಟ್ಟ ಹಸಿವು, ಪಟೇಲ್ ಬ್ರದರ್ಸ್ ಅನ್ನುವ ಇಂಡಿಯನ್ ಅಂಗಡಿಯಿಂದ ತಂದ ಮಿಕ್ಸ್ಚರ್ ಪ್ಯಾಕೆಟ್ ತೆಗೆದರೆ ಅರ್ಧ ಖಾಲಿ, ಆಮೇಲೆ ಒಂಬತ್ತಕ್ಕೆ ಬಿಸಿ ಬಿಸಿ ಅನ್ನ ಹುಳಿ ಎರಡೆರಡು ಸಲ ಹಾಕಿಸಿಕೊಂಡು ತಿಂದು ಹತ್ತೂವರೆಗೆ ಮಲಗುವುದು. ಇಲ್ಲಿನವರು ಮಧ್ಯಾಹ್ನ ಕಡಿಮೆ ತಿಂದರೂ ಸಂಜೆ ಆರಕ್ಕೇ ಊಟ ಮುಗಿಸುತ್ತಾರೆ. ನಾವು ಅವರ ಮಧ್ಯಾಹ್ನವನ್ನು ತಗೊಂಡೆವು, ನಮ್ಮ ರಾತ್ರಿಯನ್ನೂ ಬಿಡಲಿಲ್ಲ.

ನಡಿಗೆಯೂ ಹೋಯಿತು. ಊರಲ್ಲಿ ಬಸ್‌ಸ್ಟಾಪಿಗೆ, ಅಂಗಡಿಗೆ, ದೇವಸ್ಥಾನಕ್ಕೆ ಸುಮ್ನೆ ನಡೆಯುತ್ತಿದ್ದೆವು, ಅದನ್ನು ವ್ಯಾಯಾಮ ಅಂತ ಯಾರೂ ಕರೆಯುವುದಿಲ್ಲ. ಇಲ್ಲಿ ಹಾಲಿಗೂ ಕಾರು ತೆಗೆಯಬೇಕು. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ನಾಲ್ಕೂವರೆಗೇ ಕತ್ತಲು. ಕತ್ತಲಾದರೆ ಮನೆ, ಮನೆ ಅಂದರೆ ತಿನ್ನುವುದು.

ವರ್ಷದ ತಪಾಸಣೆಯಲ್ಲಿ ಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 5.9 ಬಂತು. 5.7ರಿಂದ 6.4ರವರೆಗೆ ಇದ್ದರೆ ಪ್ರೀ-ಡಯಾಬಿಟಿಸ್, ಸಕ್ಕರೆ ಕಾಯಿಲೆಯ ಹಿಂದಿನ ಹಂತ. ನಮ್ಮ ಡಾಕ್ಟರು ಇನ್ನೊಂದು ಮಾತು ಹೇಳಿದರು, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ: ಏಷ್ಯಾ ಮೂಲದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ಮುಟ್ಟಿದರೆ ಸಾಕು, ಸಕ್ಕರೆ ಪರೀಕ್ಷೆ ಮಾಡಿಸಬೇಕು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದಲೇ ಇದನ್ನು ಹೇಳುತ್ತಿದೆ. ಬೇರೆಯವರಿಗೆ ಇದು 25. ನನ್ನ ಎತ್ತರ 170 ಸೆಂ.ಮೀ. 25ರ ಲೆಕ್ಕದಲ್ಲಿ 72 ಕೆಜಿವರೆಗೆ ಚಿಂತೆ ಇಲ್ಲ, 23ರ ಲೆಕ್ಕದಲ್ಲಿ 66 ದಾಟಿದರೆ ಎಚ್ಚರ. ನೋಡೋಕೆ ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವ ಮೈಕಟ್ಟು ನಮ್ಮದು, ಅದಕ್ಕೇ ಈ ವ್ಯತ್ಯಾಸ.

ಮೊದಲು ಮಾಡಿದ್ದು ಊಟವನ್ನು ಮಧ್ಯಾಹ್ನಕ್ಕೆ ವಾಪಸ್ ತಂದದ್ದು. ರಾತ್ರಿಗೆ ಅಂತ ಮಾಡುತ್ತಿದ್ದ ಅಡುಗೆಯೇ ಈಗ ಮಾರನೇ ದಿನದ ಡಬ್ಬಿಗೆ. ಸ್ಟೀಲ್ ಡಬ್ಬಿ ಮೈಕ್ರೋವೇವಿಗೆ ಆಗಲ್ಲ, ಗಾಜಿನದು ತಗೊಂಡೆ. ಅದರಲ್ಲಿ ಅರ್ಧ ಪಲ್ಯ ಅಥವಾ ಸೊಪ್ಪು, ಕಾಲು ಭಾಗ ಅನ್ನ, ಉಳಿದ ಕಾಲು ಕಾಳು. ಹುಳಿ ಬೇರೆ ಬಾಟಲಿಯಲ್ಲಿ. ಇಂಗಿನ ವಾಸನೆ ಆಫೀಸಿನಲ್ಲಿ ಹರಡುತ್ತೆ ಅಂತ ಎಷ್ಟೋ ಜನ ಡಬ್ಬಿ ತರುವುದಕ್ಕೇ ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ನನ್ನ ಪಕ್ಕದ ಸೀಟಿನವರು ಏನಿದು ಅಂತ ಕೇಳಿದರು, ರುಚಿ ನೋಡಿದರು, ಅಷ್ಟೇ.

ಸಂಜೆ ಆರೂವರೆಗೆ ರಾತ್ರಿ ಊಟ: ಸಣ್ಣ ರಾಗಿ ಮುದ್ದೆ, ಬಸ್ಸಾರು, ಇಲ್ಲವೇ ಕೋಸಂಬರಿ ಜೊತೆ ಒಂದು ಚಪಾತಿ. ಬಂದ ತಕ್ಷಣ ಊಟ ಇದ್ದರೆ ಮಿಕ್ಸ್ಚರ್ ಕಡೆ ಕೈ ಹೋಗುವುದಿಲ್ಲ. ಮೊದಲ ಎರಡು ವಾರ ರಾತ್ರಿ ಹತ್ತಕ್ಕೆ ಹಸಿವಾಗುತ್ತಿತ್ತು, ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಿದ್ದೆ, ಆಮೇಲೆ ಹೊಂದಿಕೊಂಡಿತು. ಸಾಮಾನಿಗೆ ಕೊರತೆ ಇಲ್ಲ. ರಾಗಿ ಹಿಟ್ಟು, ಹುರುಳಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ, ಸಬ್ಬಸಿಗೆ ಅಮೆರಿಕದ ಅಂಗಡಿಗಳಲ್ಲೇ ಡಿಲ್ ಅಂತ ಇರುತ್ತೆ, ಅವರೆಕಾಳು ಬೇಕಾದರೆ ಫ್ರೀಜರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಗುಜರಾತಿ ಹೆಸರಿನ ಪ್ಯಾಕೆಟ್ ಹುಡುಕಿ. ಹಿತಕಿ ಸಾರು ಮಾಡಿದರೆ ಊರಿನದೇ ರುಚಿ.

ಕಾಫಿಯ ವಿಷಯ ಸ್ವಲ್ಪ ಹೇಳಲೇಬೇಕು. ಇಲ್ಲಿನ ಹಾಲಿನಲ್ಲಿ ಫಿಲ್ಟರ್ ಕಾಫಿ ತೆಳ್ಳಗಾಗುತ್ತದೆ ಅಂತ ನಮ್ಮವರಲ್ಲಿ ತುಂಬಾ ಜನ ಹಾಫ್ ಅಂಡ್ ಹಾಫ್, ಅಂದರೆ ಅರ್ಧ ಹಾಲು ಅರ್ಧ ಕೆನೆ ಬೆರೆಸಿದ್ದು, ಹಾಕುತ್ತಾರೆ. ನಾವೂ ಹಾಕುತ್ತಿದ್ದೆವು. ಅದರಲ್ಲಿ ಕೊಬ್ಬು ಕಡಿಮೆ ಅಂದರೂ 10.5 ಪರ್ಸೆಂಟ್. ನಮ್ಮ ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ 3. ಒಂದು ಲೋಟಕ್ಕೆ 100 ಎಂಎಲ್ ಹಾಕಿದರೂ ಸುಮಾರು 130 ಕ್ಯಾಲರಿ, ಸಕ್ಕರೆ ಬೇರೆ, ದಿನಕ್ಕೆ ಮೂರು ಲೋಟ ಆದರೆ ಒಂದು ಊಟದಷ್ಟಾಯಿತು! ಡಿಕಾಕ್ಷನ್ ಗಟ್ಟಿ ಇಳಿಸಿ 2 ಪರ್ಸೆಂಟ್ ಹಾಲನ್ನು ಚೆನ್ನಾಗಿ ಕಾಯಿಸಿ ಹಾಕಿದರೆ ಕಾಫಿ ಚೆನ್ನಾಗಿಯೇ ಬರುತ್ತೆ. ಪ್ಯಾಕೆಟ್ ಹಿಂದೆ ಆ್ಯಡೆಡ್ ಶುಗರ್ಸ್ ಅನ್ನುವ ಸಾಲನ್ನೂ ನೋಡಿ. 4 ಗ್ರಾಂ ಅಂದರೆ ಒಂದು ಟೀ ಚಮಚ ಸಕ್ಕರೆ. ಹಣ್ಣಿನ ಮೊಸರಿನ ಒಂದೊಂದು ಕಪ್ಪಿನಲ್ಲಿ ಇಂಥ ಎರಡು ಮೂರು ಚಮಚ ಇರುತ್ತೆ. ಮನೆಯಲ್ಲೇ ಹೆಪ್ಪು ಹಾಕುವುದು ವಾಸಿ.

ಚಳಿಗಾಲದಲ್ಲಿ ನಡೆಯೋದಕ್ಕೆ ಊರಿನ ಪಾರ್ಕುಗಳನ್ನು ನೋಡಿಕೊಳ್ಳುವ ಪಾರ್ಕ್ ಡಿಸ್ಟ್ರಿಕ್ಟ್‌ನ ಒಳಾಂಗಣ ಟ್ರ್ಯಾಕ್ ಇದೆ. ಮಾಲ್‌ಗಳಲ್ಲೂ ಅಂಗಡಿ ತೆರೆಯುವ ಮುಂಚೆ ವಯಸ್ಸಾದವರು ನಡೆಯುತ್ತಿರುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಅವರು ಇಲ್ಲಿಗೆ ಬಂದರೆ ಆರು ತಿಂಗಳು ನಾಲ್ಕು ಗೋಡೆ ಮಧ್ಯೆ ಕೂತು ತೂಕ, ಶುಗರ್ ಎರಡೂ ಏರಿಸಿಕೊಂಡು ವಾಪಸ್ ಹೋಗುತ್ತಾರೆ. ಮಕ್ಕಳಾಗಿ ನಾವೇ ಗಮನಿಸಬೇಕು ಅಲ್ವಾ?

ಕಷ್ಟ ಇರುವುದು ಶನಿವಾರದ ಪಾಟ್‌ಲಕ್. ಹತ್ತು ಮನೆಯ ಹತ್ತು ಐಟಂ, ಊಟ ಶುರುವಾಗುವುದೇ ಒಂಬತ್ತಕ್ಕೆ, ಬೇಡ ಅಂದರೆ ಮಾಡಿದವರಿಗೆ ಬೇಜಾರು. ನಮ್ಮ ಗುಂಪಿನಲ್ಲಿ ಇದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳೋಣ ಅಂತ ಕೇಳಿದೆ. ಪುಟ್ಟ ಮಕ್ಕಳಿರುವವರು ಖುಷಿಯಿಂದ ಒಪ್ಪಿದರು, ಕೆಲವರು ಇನ್ನೂ ಒಪ್ಪಿಲ್ಲ. ರಾತ್ರಿಯೇ ಇದ್ದರೆ ನಾವು ಹೆಸರುಬೇಳೆ ಕೋಸಂಬರಿ ಒಂದು ದೊಡ್ಡ ಪಾತ್ರೆ ಒಯ್ಯುತ್ತೇವೆ, ಮೊದಲು ಅದನ್ನೇ ತಿನ್ನುತ್ತೇವೆ.

ಈಗ ತೂಕ 70, ಎ1ಸಿ 5.5. ಇಳಿಯಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಜನವರಿ ಫೆಬ್ರವರಿಯಲ್ಲಿ ಒಂದೆರಡು ಕೆಜಿ ಏರುತ್ತೆ, ಹಿಮ ಕರಗಿ ಹೊರಗೆ ನಡೆಯೋಕೆ ಶುರು ಮಾಡಿದ ಮೇಲೆ ಇಳಿಯುತ್ತೆ. 66ಕ್ಕೆ ಇನ್ನೂ ದಾರಿ ಇದೆ.