ಸಿಮೋನನ ಜೊತೆ ಒಂದು ತಪಸ್ಸು ಕಾಲ

ಬೂದಿ ಬುಧವಾರ ಹಣೆಗೆ ಬೂದಿ, ಶುಕ್ರವಾರ ಸೊಪ್ಪಿನ ಸಾರು, ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಬಿರಿಯಾನಿ. ಬೂದಿ ಬುಧವಾರದಿಂದ ಪಾಸ್ಖದ ತನಕದ ಉಪವಾಸ, ಪ್ರಾರ್ಥನೆಯ ದಿನಗಳೇ ತಪಸ್ಸು ಕಾಲ. ಎಷ್ಟೋ ವರ್ಷ ನನ್ನದು ಇಷ್ಟರಲ್ಲೇ ಮುಗಿದುಹೋಗುತ್ತಿತ್ತು.

2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು. ಆ ಹೊತ್ತಿಗೆ ನಮ್ಮತ್ತೆ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಸ್ನಾನ, ಊಟ, ಮಾತ್ರೆ ಎಲ್ಲಾ ನಾನೇ. ಮಾಡುತ್ತಿದ್ದೆ, ಒಳಗೊಳಗೇ ಕುದಿಯುತ್ತಲೂ ಇದ್ದೆ. ಜಪಸರ ಕೈಯಲ್ಲಿ ಹಿಡಿದರೂ ಮನಸ್ಸು ಬರುತ್ತಿರಲಿಲ್ಲ.

ಅವತ್ತು ಪೂಜೆಯಲ್ಲಿ ಬೈಬಲಿನ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಿಂದ ಓದಿದರು. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಅಂತಾರೆ ಯೇಸುಸ್ವಾಮಿ. ನನ್ನ ಸಪ್ಪೆ ಮುಖ ಇಡೀ ಬೀದಿಗೇ ಗೊತ್ತಿತ್ತಲ್ವಾ! ಮಾಂಸದ ಜೊತೆ ಇನ್ನೊಂದನ್ನೂ ಬಿಡಬೇಕು ಅಂದುಕೊಂಡೆ. ದಿನಾ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಅತ್ತೆಯ ಬಗ್ಗೆ ಗೊಣಗುವುದನ್ನು.

ಮಾಂಸ ಬಿಡುವುದಕ್ಕಿಂತ ಇದು ಜಾಸ್ತಿ ಕಷ್ಟ. ಮೂರನೇ ದಿನವೇ ತಪ್ಪಿದೆ, ಮಾರನೇ ದಿನ ಮತ್ತೆ ಶುರು ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮಾರ್ಕನ ಶುಭಸಂದೇಶ ಓದುತ್ತಿದ್ದೆ. ಹದಿನಾರೇ ಅಧ್ಯಾಯ, ದಿನಕ್ಕೆ ಸ್ವಲ್ಪ ಸ್ವಲ್ಪ ಓದಿದರೆ ಸಾಕು. ಹಾಲ್‌ನಲ್ಲಿ ಕೂತರೆ ನಿದ್ದೆ ಬರುತ್ತಿತ್ತು. ಅದಕ್ಕೇ ಅಡುಗೆಮನೆಗೆ ಒಂದು ಸ್ಟೂಲ್ ತಂದು ಹಾಕಿಕೊಂಡೆ.

ನನ್ನನ್ನು ನಿಜವಾಗಿ ಹಿಡಿದದ್ದು ಶುಕ್ರವಾರದ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಒಂದೊಂದು ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆ. ಹದಿನಾಲ್ಕು ಸ್ಥಳಗಳಲ್ಲಿ ಐದನೆಯದು, ಸಿರೇನ್ ಊರಿನ ಸಿಮೋನ ಶಿಲುಬೆ ಹೊರುವುದು. ಚಿಕ್ಕಂದಿನಿಂದ ಅಲ್ಲಿ ಮಂಡಿಯೂರಿದ್ದೇನೆ. ಆದರೆ ಮಾರ್ಕ ಬರೆದದ್ದು ನೆನಪಾಗಿದ್ದು ಅವತ್ತೇ. ಸಿಮೋನ ತಾನಾಗಿ ಬಂದವನಲ್ಲ. ಹೊಲದ ಕಡೆಯಿಂದ ಬರುತ್ತಿದ್ದವನನ್ನು ಹಿಡಿದು ಬಲವಂತವಾಗಿ ಹೊರಿಸಿದರು. ಅಲೆಕ್ಸಾಂಡರ್, ರೂಫ ಅಂತ ಇಬ್ಬರು ಮಕ್ಕಳು ಬೇರೆ. ಅವನಿಗೂ ಮನೆ ಇತ್ತು, ಕೆಲಸ ಇತ್ತು. ಗೊಣಗಿಯೂ ಇರಬಹುದು. ಆದರೂ ಆ ದಿನ ಯೇಸುವಿಗೆ ಅವನಷ್ಟು ಹತ್ತಿರ ನಡೆದವರು ಯಾರು? ಕಣ್ಣಲ್ಲಿ ನೀರು ಬಂತು. ಎಷ್ಟೋ ತಿಂಗಳ ಮೇಲೆ ನಾನು ದೇವರ ಹತ್ತಿರ ಮಾತಾಡಿದೆ. "ಸ್ವಾಮಿ, ನನಗೂ ಇಷ್ಟ ಇರಲಿಲ್ಲ, ಆದರೆ ಹೊತ್ತಿದ್ದೇನೆ" ಅಂದೆ.

ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಯೇಸುವೇ ಇನ್ನೊಬ್ಬರ ಹೆಗಲು ಪಡೆದಿದ್ದಾರೆ. ನಾನು ಮಾತ್ರ ಯಾರನ್ನೂ ಕೇಳದೆ, ಯಾರೂ ಬರಲ್ಲ ಅಂತ ಸಿಟ್ಟಾಗಿದ್ದೆ. ಆ ರಾತ್ರಿಯೇ ನಾದಿನಿಗೆ ಫೋನ್ ಮಾಡಿದೆ. "ಅತ್ತಿಗೆ, ನೀವು ಹೇಳಲೇ ಇಲ್ಲವಲ್ಲ" ಅಂದಳು. ಶನಿವಾರಗಳು ಅವಳ ಪಾಲಾದವು. ಅಂಥ ಒಂದು ಶನಿವಾರ, ಗರಿಗಳ ಭಾನುವಾರಕ್ಕೆ ಮುಂಚೆ, ಗುರುಗಳ ಹತ್ತಿರ ಪಾಪನಿವೇದನೆ ಮಾಡಿ ಬಂದೆ. ಸುಮ್ನೆ ಪಟ್ಟಿ ಒಪ್ಪಿಸಲಿಲ್ಲ, ಅತ್ತೆಯ ಮೇಲಿನ ಸಿಟ್ಟನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಪವಿತ್ರ ಗುರುವಾರ ಬೆಳಿಗ್ಗೆ ಅತ್ತೆಗೆ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕೂದಲು ತೆಳ್ಳಗಾಗಿ ನೆತ್ತಿ ಕಾಣುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡೇ, "ನೀನೂ ಹಚ್ಕೊಂಡ್ಯೇನಮ್ಮ?" ಅಂತ ಕೇಳಿದರು. ಅಂಗೈಯಲ್ಲಿ ಉಳಿದಿದ್ದ ಎಣ್ಣೆಯನ್ನು ನನ್ನ ತಲೆಗೂ ಸವರಿಕೊಂಡೆ.